ಮಾಲೀಕರು ಒಂದು ದಿನ ಬರದಿದ್ದರೆ ಶಾಪ್ ನಿಲ್ಲುತ್ತೆ: ಐದನೇ ಲೇತ್‌ಗಿಂತ ಮುಂಚೆ ಏನು ಸರಿ ಮಾಡಬೇಕು?

ಪೀಣ್ಯ 2ನೇ ಹಂತ

ಚರ್ಚೆಗೆ ಒಂದು ನಿರ್ದಿಷ್ಟ ಸಂದರ್ಭ ಇಡ್ತಿದ್ದೀನಿ. ಪೀಣ್ಯದ ಜಾಬ್‌ವರ್ಕ್ ಶಾಪ್ (ಗಿರಾಕಿ ಕೊಟ್ಟ ಮೆಟೀರಿಯಲ್‌ನಲ್ಲಿ ಪಾರ್ಟ್ ಮಾಡಿಕೊಡೋದು): ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್, ಎರಡು ವಿಎಂಸಿ (ಮಿಲ್ಲಿಂಗ್ ಮಷಿನ್), 11 ಜನ, ಒಂದೇ ಶಿಫ್ಟ್. ವರ್ಷಕ್ಕೆ ಸುಮಾರು 60 ಲಕ್ಷ ಬಿಲ್ಲಿಂಗ್, ಅದರಲ್ಲಿ ಶೇ. 60 ಒಂದೇ ಗಿರಾಕಿಯದ್ದು. ಕೊಟೇಷನ್, ಇನ್ಸರ್ಟ್ (ಟೂಲ್‌ನ ಕತ್ತರಿಸೋ ತುದಿ) ಖರೀದಿ, ಮೊದಲ ಪೀಸ್ ಪಾಸ್ ಮಾಡೋದು, ಪೇಮೆಂಟ್ ಬೆನ್ನು ಹತ್ತೋದು ಎಲ್ಲವೂ ಮಾಲೀಕರ ಕೈಯಲ್ಲೇ. ಅವರು ಹೊರಗೆ ಹೋದ ದಿನ ಎರಡು ಮಷಿನ್ ಆದರೂ ಕಾಯ್ತಾ ನಿಂತಿರ್ತವೆ. ಈಗ ದೊಡ್ಡ ಗಿರಾಕಿ ಶೇ. 40 ಜಾಸ್ತಿ ಕೆಲಸ ಕೊಡ್ತೀವಿ ಅಂತಿದ್ದಾರೆ. ಆದರೆ ಇನ್ನು ಮುಂದೆ ಮೆಟೀರಿಯಲ್ ಕೂಡ ಶಾಪ್‌ನವರೇ ಹಾಕಬೇಕಂತೆ. ಇನ್ನೊಂದು ಲೇತ್ ತಗೋಬೇಕೋ, ಜನ ಸೇರಿಸಬೇಕೋ, ಬೇರೇನಾದ್ರೂ ಮೊದಲು ಆಗಬೇಕೋ?

ಲೆಕ್ಕದ ಪುಸ್ತಕ

ಮೊದಲು ಗಂಟೆ ಲೆಕ್ಕ ಹಾಕೋಣ. ದೊಡ್ಡ ಗಿರಾಕಿಯ ಕೆಲಸ ಈಗ 36 ಲಕ್ಷ. ಅದರ ಶೇ. 40 ಅಂದ್ರೆ 14.4 ಲಕ್ಷದ ಮಷಿನಿಂಗ್. ಗಂಟೆಗೆ 500 ರೂ. ಅಂತ ಹಿಡಿದರೆ 2,880 ಗಂಟೆ ಬೇಕು.

ಒಂದು ಶಿಫ್ಟ್‌ನಲ್ಲಿ ಒಂದು ಮಷಿನ್ 8 ಗಂಟೆಯಂತೆ 300 ದಿನಕ್ಕೆ 2,400 ಗಂಟೆ ಸಿಗುತ್ತೆ. ಸೆಟ್ಟಿಂಗ್, ಕಾಯೋದು, ರಿಪೇರಿ ಕಳೆದು ನಿಜವಾಗಿ ಚಿಪ್ (ಲೋಹದ ಚೂರು) ಬೀಳೋದು ಶೇ. 65, ಅಂದ್ರೆ 1,560 ಗಂಟೆ. ಈಗಿರೋ ಎರಡೇ ಲೇತ್‌ಗೆ ಎರಡನೇ ಶಿಫ್ಟ್ ಹಾಕಿದರೆ 3,120 ಗಂಟೆ ಬಂತು. ಹೊಸ ಮಷಿನ್ ಇಲ್ಲದೇನೇ ಕೆಲಸ ಮುಗೀತು.

ರೇಟ್ ಮೇಲೂ ಇದರ ಪರಿಣಾಮ ದೊಡ್ಡದು. 22 ಲಕ್ಷದ ಲೇತ್, 8 ವರ್ಷ ಆಯಸ್ಸು, ಕೊನೆಗೆ 2 ಲಕ್ಷ ಬೆಲೆ ಅಂತಿಟ್ಟುಕೊಂಡರೆ ಸವಕಳಿ ವರ್ಷಕ್ಕೆ 2.5 ಲಕ್ಷ. ಸರಾಸರಿ 12 ಲಕ್ಷದ ಮೇಲೆ ಶೇ. 10.5 ಬಡ್ಡಿ 1.26 ಲಕ್ಷ. ಮೆಂಟೆನೆನ್ಸ್, ವಿಮೆ 60 ಸಾವಿರ. 120 ಚದರಡಿ ಜಾಗದ ಬಾಡಿಗೆ ಪಾಲು 36 ಸಾವಿರ. ಒಟ್ಟು 4.72 ಲಕ್ಷ. ಮಷಿನ್ ಓಡಿದರೂ ಓಡದಿದ್ದರೂ ಇದು ಖರ್ಚೇ. ಆಪರೇಟರ್ ಎಲ್ಲ ಸೇರಿ ತಿಂಗಳಿಗೆ 25 ಸಾವಿರ ಅಂದ್ರೆ ಒಂದು ಶಿಫ್ಟ್‌ಗೆ ವರ್ಷಕ್ಕೆ 3 ಲಕ್ಷ. ಕರೆಂಟ್ 6 ಕಿಲೋವ್ಯಾಟ್, ಯೂನಿಟ್‌ಗೆ 8 ರೂ. ಹಿಡಿದರೆ ಗಂಟೆಗೆ 48.

ಒಂದೇ ಶಿಫ್ಟ್ ಆದರೆ ಗಂಟೆಗೆ 303, 192, 48 ಕೂಡಿ 543. ಆಫೀಸ್ ಖರ್ಚು ಶೇ. 15 ಸೇರಿಸಿದರೆ ಸುಮಾರು 625 ರೂ. ಎರಡು ಶಿಫ್ಟ್ ಆದರೆ 151, 192, 48 ಕೂಡಿ 391, ಆಫೀಸ್ ಖರ್ಚು ಸೇರಿ 450. ಟೂಲಿಂಗ್, ಲಾಭ ಇದರ ಮೇಲೆ. ಇನ್ನೂ ಸಾಲ ತೀರದ ಮಷಿನ್‌ನಲ್ಲಿ ಒಂದೇ ಶಿಫ್ಟ್ ಓಡಿಸಿಕೊಂಡು 500ಕ್ಕೆ ಕೊಟೇಷನ್ ಹಾಕ್ತಿದ್ದರೆ ಪ್ರತಿ ಗಂಟೆಗೂ ಕೈಯಿಂದ ಹೋಗ್ತಿದೆ. ಹಳೇ ಮಷಿನ್‌ಗಳಲ್ಲಿ ಸವಕಳಿ ಮುಗಿದಿರೋದ್ರಿಂದ ಅದು ಕಾಣ್ತಿಲ್ಲ ಅಷ್ಟೆ. ಹೊಸದು ಬಂದ ಮೊದಲ ವರ್ಷವೇ ಕಾಣುತ್ತೆ.

ನಿಮ್ಮ ಅಂಕಿಗಳು ಬೇರೆ ಇರಬಹುದು. ಆದರೆ ಈ ಲೆಕ್ಕ ಮಾಡದೆ ಮಷಿನ್‌ಗೆ ಅಡ್ವಾನ್ಸ್ ಕೊಡಬೇಡಿ.

ಗೇಜ್ ರೂಮ್

ಎರಡನೇ ಶಿಫ್ಟ್ ಅಂತ ಹೇಳೋದು ಸುಲಭ. ಬೆಳಗ್ಗೆ ಬಂದು ನೋಡಿದರೆ ಒಂದು ಕ್ರೇಟ್ ತುಂಬ ಅಂಡರ್‌ಸೈಜ್ ಬಿದ್ದಿರುತ್ತೆ. ಕಾರಣ ಯಾವಾಗಲೂ ಒಂದೇ: ರಾತ್ರಿ ಇನ್ಸರ್ಟ್ ಬದಲಾಯಿಸಿ, ಆಫ್‌ಸೆಟ್ (ಟೂಲ್ ಎಷ್ಟು ಒಳಗೆ ಹೋಗಬೇಕು ಅನ್ನೋ ಅಳತೆ) ತಿದ್ದಿ, ಆಮೇಲೆ ಯಾರೂ ಅಳೆದಿರಲ್ಲ.

ಹಾಗಾಗಿ ಎರಡನೇ ಶಿಫ್ಟ್‌ಗೆ ಹೊಸ ಪಾರ್ಟ್ ಕೊಡಲೇಬೇಡಿ. ಮೂರು ಬ್ಯಾಚ್ ಆದರೂ ತಕರಾರಿಲ್ಲದೆ ಹೋಗಿರೋ ಪಾರ್ಟ್ ಮಾತ್ರ. ಸೆಟ್ಟರ್ (ಜಾಬ್‌ಗೆ ಮಷಿನ್ ಸಜ್ಜು ಮಾಡೋರು) ಮನೆಗೆ ಹೋಗೋ ಮೊದಲು ರಾತ್ರಿ ಜಾಬ್‌ನ ಮೊದಲ ಪೀಸ್ ಪಾಸ್ ಆಗಿ, ಟ್ಯಾಗ್ ಕಟ್ಟಿ ಮಷಿನ್ ಮೇಲೇ ಇರಬೇಕು. ಆಮೇಲೆ ಪ್ರತಿ 20ನೇ ಪೀಸ್ ಅಳತೆ. ಇನ್ಸರ್ಟ್ ಬದಲಾಯಿಸಿದರೆ ಮುಂದಿನ ಮೂರು ಪೀಸ್ ಬೇರೆ ಟ್ರೇಗೆ. ಆಫ್‌ಸೆಟ್ ತಿದ್ದುಪಡಿಗೂ ಮಿತಿ ಇರಲಿ. ಒಂದು ಸಲಕ್ಕೆ 0.02 ಮಿ.ಮೀ.ವರೆಗೆ ಆಪರೇಟರ್ ತಾವೇ ಮಾಡಬಹುದು. ಅದಕ್ಕಿಂತ ಹೆಚ್ಚು ಬೇಕಾಯ್ತು ಅಂದರೆ ಟೂಲ್‌ನಲ್ಲೋ ಹಿಡಿತದಲ್ಲೋ ಏನೋ ಆಗಿದೆ, ಮಷಿನ್ ನಿಲ್ಲಿಸಿ ಇನ್‌ಸ್ಪೆಕ್ಟರ್‌ನ ಕರೀಬೇಕು.

ಇನ್‌ಸ್ಪೆಕ್ಟರ್‌ಗೆ ಮಷಿನ್ ನಿಲ್ಲಿಸೋ ಅಧಿಕಾರ ಇರಬೇಕು. ಡೆಲಿವರಿ ಅರ್ಜೆಂಟ್ ಅಂತ ಮಾಲೀಕರು ಒಂದು ಸಲ ಎಲ್ಲರೆದುರು "ಪರವಾಗಿಲ್ಲ, ಓಡ್ಸಿ" ಅಂದರೆ ಇನ್‌ಸ್ಪೆಕ್ಟರ್ ಮುಂದೆ ಯಾವತ್ತೂ ನಿಲ್ಲಿಸಲ್ಲ.

ಸಾಫ್ಟ್ ಜಾ

ಲೆಕ್ಕದ ಪುಸ್ತಕದವರ ಶೇ. 65 ಅನ್ನೋದನ್ನೇ ಮೇಲೆತ್ತಬಹುದು, ಅಲ್ಲೇ ಜಾಸ್ತಿ ಸಿಗೋದು. ಸಣ್ಣ ಬ್ಯಾಚ್ ಮಾಡೋ ಕಡೆ ದಿನಕ್ಕೆ ಲೇತ್‌ಗೆ ಎರಡು ಸೆಟ್ಟಿಂಗ್ ಆದರೂ ಆಗುತ್ತೆ. ಹಳೇ ಜಾಬ್‌ನ ಕೊನೆಯ ಒಳ್ಳೆ ಪೀಸ್‌ನಿಂದ ಹೊಸ ಜಾಬ್‌ನ ಮೊದಲ ಒಳ್ಳೆ ಪೀಸ್‌ವರೆಗೆ ಗಡಿಯಾರ ಹಿಡಿದು ನೋಡಿ. 70 ನಿಮಿಷ ಇದ್ದದ್ದು 35ಕ್ಕೆ ಬಂದರೆ ನಾಲ್ಕು ಲೇತ್‌ನಲ್ಲಿ ದಿನಕ್ಕೆ 280 ನಿಮಿಷ, ವರ್ಷಕ್ಕೆ 1,400 ಗಂಟೆ. ಪೂರ್ತಿ ಕೈಗೆ ಸಿಗದೇ ಇರಬಹುದು, ಅರ್ಧ ಸಿಕ್ಕರೂ ದೊಡ್ಡದೇ.

70 ನಿಮಿಷ ಎಲ್ಲಿ ಹೋಗುತ್ತೆ ಅಂದ್ರೆ ಹೆಚ್ಚಿನದು ಹುಡುಕಾಟದಲ್ಲಿ. ಡ್ರಾಯಿಂಗ್ ಮಾಲೀಕರ ಟೇಬಲ್ ಮೇಲಿರುತ್ತೆ, ಪ್ಲಗ್ ಗೇಜ್ ಪಕ್ಕದ ಮಷಿನ್‌ನಲ್ಲಿ, ಪ್ರೋಗ್ರಾಂನ ಮೂರು ಪ್ರತಿಗಳಲ್ಲಿ ಯಾವುದು ಕೊನೆಯದು ಅಂತ ಗೊತ್ತಿರಲ್ಲ. ಇದೆಲ್ಲ ಹಳೇ ಜಾಬ್ ಓಡ್ತಿರುವಾಗಲೇ ಒಂದು ಟ್ರಾಲಿಗೆ ಬರಬೇಕು.

ಉಳಿದದ್ದು ಸಾಫ್ಟ್ ಜಾ, ಅಂದ್ರೆ ಪಾರ್ಟ್ ಹಿಡಿಯೋಕೆ ಚಕ್‌ಗೆ ಹಾಕೋ, ಪಾರ್ಟ್‌ನ ಅಳತೆಗೆ ಬೋರ್ ಮಾಡಿಕೊಳ್ಳೋ ಮೆದು ಹಿಡಿಕೆ. ಪ್ರತಿ ಸಲ ಹೊಸದಾಗಿ ಬೋರ್ ಮಾಡೋ ಬದಲು ಪಾರ್ಟ್‌ಗೊಂದು ಸೆಟ್ ಇಟ್ಟು ಬೋರ್ಡ್‌ಗೆ ನೇತುಹಾಕಿ. ಟ್ಯಾಗ್ ಮೇಲೆ ಪಾರ್ಟ್ ನಂಬರ್, ಬೋರ್ ಮಾಡಿದ ವ್ಯಾಸ, ಸ್ಟೆಪ್ ಆಳ, ಚಕ್ ಪ್ರೆಷರ್ ಎಷ್ಟು ಬಾರ್, ಯಾವ ಮಷಿನ್. ಮೂರೂ ಜಾಗೆ 1, 2, 3 ಅಂತ ಪಂಚ್ ಹೊಡೆದು, ಮಾಸ್ಟರ್ ಜಾನ ಯಾವ ಸೆರೇಷನ್ ಹಲ್ಲಿಗೆ ಕೂರುತ್ತೆ ಅಂತ ಗೀಟು ಹಾಕಿ. ಒಂದು ಹಲ್ಲು ಆಚೀಚೆ ಕೂತರೂ ರನ್‌ಔಟ್ ಕೆಡುತ್ತೆ (ಪಾರ್ಟ್ ನಡು ತಪ್ಪಿ ತಿರುಗುತ್ತೆ). ಮತ್ತೆ ಹಾಕಿದಾಗ ಕೆಲಸದ ಪ್ರೆಷರ್‌ನಲ್ಲೇ ರಿಂಗ್ ಹಿಡಿಸಿ, ತೆಳುವಾಗಿ ಒಂದು ಕಟ್ ತಗೊಂಡು, ಡಯಲ್‌ನಲ್ಲಿ 0.02ರೊಳಗೆ ಬಂದರೆ ಮಾತ್ರ ಮುಂದೆ. ಪ್ರೆಷರ್ ಬರೆದಿಡದಿದ್ದರೆ ತೆಳು ಗೋಡೆಯ ಬುಶ್‌ಗಳು ಚಕ್‌ನಲ್ಲಿ ಗುಂಡಗಿದ್ದು ಬಿಚ್ಚಿದ ಮೇಲೆ ಮೂರು ಮೂಲೆ ಆಗ್ತವೆ.

ಇದನ್ನೆಲ್ಲ ಬರೆದಿಟ್ಟಾಗಲೇ "ಸರ್ ಬರ್ಲಿ" ಅನ್ನೋ ಮಾತು ಕಮ್ಮಿ ಆಗೋದು.

ಉದ್ಯಮಬಾಗ್

ಬೆಳಗಾವಿಯಿಂದ ಬರೀತೀನ್ರಿ. ಎಲ್ಲಾರೂ ಮಷಿನ್ ಬಗ್ಗೆ ಹೇಳಿದ್ರಿ, ಪ್ರಶ್ನೆ ಇದ್ದದ್ದು ಮಾಲೀಕರ ಬಗ್ಗೆ. ಎಲ್ಲಾ ನಿರ್ಧಾರ ಒಬ್ಬರ ತಲಿಯೊಳಗ ಇದ್ದರ, ಎರಡನೇ ಶಿಫ್ಟ್ ಹಾಕಿದ್ರೂ ರಾತ್ರಿ ಹನ್ನೊಂದಕ್ಕ ಫೋನ್ ಬರ್ತಾವು, ಅಷ್ಟ.

ಎರಡು ವಾರ ಒಂದು ನೋಟ್‌ಬುಕ್ ಇಡ್ರಿ. ಮಾಲೀಕರ ಹತ್ರ ಬಂದ ಪ್ರತಿಯೊಂದು ಪ್ರಶ್ನೆ ಬರೀರಿ: ಯಾರು ಕೇಳಿದ್ರು, ಏನು ಕೇಳಿದ್ರು, ಉತ್ತರ ಕೊಡಾಕ ಯಾವ ಮಾಹಿತಿ ಬೇಕಾತು. ಎರಡು ವಾರ ಆದ ಮ್ಯಾಲೆ ನೋಡಿದ್ರ ಮುಕ್ಕಾಲು ಪಾಲು ಅವ ಅವ ಪ್ರಶ್ನೆ. "ಈ ಇನ್ಸರ್ಟ್ ಖಾಲಿ ಆತು, ತರ್ಲೇನು?" "ಯಾವ ಜಾಬ್ ಮೊದಲು ಹಾಕ್ಲಿ?" "ಇದು 0.01 ಹೆಚ್ಚೈತಿ, ಕಳಿಸ್ಲೇನು?" ಮೊದಲನೇದಕ್ಕ ಒಂದು ಮಿನಿಮಮ್ ಸ್ಟಾಕ್ ಪಟ್ಟಿ ಸಾಕು. ಎರಡನೇದಕ್ಕ ವಾರದ ಪ್ಲ್ಯಾನ್ ಬೋರ್ಡ್. ಮೂರನೇದು ಮಾತ್ರ ಖರೇನ ದೊಡ್ಡ ಪ್ರಶ್ನೆ. ಅದು ಗಿರಾಕಿಯ ಡೀವಿಯೇಷನ್ (ಅಳತಿ ತಪ್ಪಿದ್ರೂ ನಡೀತೈತಿ ಅನ್ನೂ) ಒಪ್ಪಿಗಿ ಇಲ್ಲದ ಹೋಗಬಾರದು, ಮಾಲೀಕರು ಹೂಂ ಅಂದ್ರೂ ಹೋಗಬಾರದು.

ಆಮ್ಯಾಲೆ ರೂಪಾಯಿ ಮಿತಿ ಹಾಕಿ ಅಧಿಕಾರ ಬರೆದು ಕೊಡ್ರಿ. ಸೂಪರ್‌ವೈಸರ್ ವಾರಕ್ಕ 5,000ವರೆಗೆ ಟೂಲ್ ಖರೀದಿ ತಾನ ಮಾಡ್ಲಿ, ಬಿಲ್ಲು ಶನಿವಾರ ತೋರಿಸ್ಲಿ. ಹಳೇ ಪಾರ್ಟಿನ ರಿಪೀಟ್ ಆರ್ಡರ್ 25,000ವರೆಗೆ ರೇಟ್ ಕಾರ್ಡ್ ಪ್ರಕಾರ ತಾನ ಒಪ್ಪಿಕೊಳ್ಳಲಿ. ಹೊಸ ಪಾರ್ಟಿನ ಕೊಟೇಷನ್ ಲೆಕ್ಕ ಅವನ ಮಾಡ್ಲಿ, ಸಹಿ ಮಾಲೀಕರದಿರಲಿ. ಮೂರು ತಿಂಗಳು ಲೆಕ್ಕದೊಳಗ ಶೇ. 5ಕ್ಕಿಂತ ಹೆಚ್ಚು ಫರಕು ಬರಲಿಲ್ಲಂದ್ರ ಆ ಸಹಿನೂ ಬಿಟ್ಟು ಕೊಡ್ರಿ.

ಎಲ್ಲಿ ಕೆಡ್ತೈತಿ ಅಂದ್ರ, ಅಧಿಕಾರ ಬಾಯಿಲೆ ಕೊಟ್ಟಿರ್ತಾರ, ಮೊದಲನೇ ತಪ್ಪಿಗೆ ವಾಪಸ್ ತಗೋತಾರ. 5,000ದ ಮಿತಿ ಹಾಕಿದ್ದ ಯಾಕಂದ್ರ, ತಪ್ಪಾದ್ರ ಅಷ್ಟ ಹೋಗಲಿ ಅಂತ. ಆ ತಪ್ಪಿನ ಬಗ್ಗೆ ಕ್ಯಾಬಿನ್ ಒಳಗ ಮಾತಾಡ್ರಿ, ಶಾಪ್‌ಫ್ಲೋರ್ ಮ್ಯಾಲೆ ಬ್ಯಾಡ.

ಇನ್ನೊಂದು. ಅತ್ಯುತ್ತಮ ಸೆಟ್ಟರ್‌ನ್ನ ಹಿಡಿದು ಸೂಪರ್‌ವೈಸರ್ ಮಾಡಬ್ಯಾಡ್ರಿ. ಒಳ್ಳೆ ಸೆಟ್ಟರ್ ಹೋಗ್ತಾನ, ಅರೆಮನಸ್ಸಿನ ಸೂಪರ್‌ವೈಸರ್ ಸಿಗ್ತಾನ. ಯಾರು ಬ್ಯಾರೇದವರಿಗೆ ಕಲಿಸ್ತಾರ, ಯಾರ ಹತ್ರ ಹುಡುಗರು ಅಂಜಿಕಿ ಇಲ್ಲದ ಕೇಳಾಕ ಹೋಗ್ತಾರ, ಅವರನ್ನ ನೋಡ್ರಿ. ಸೆಟ್ಟರ್‌ಗೆ ಸೂಪರ್‌ವೈಸರ್ ಹುದ್ದೆ ಇಲ್ಲದನ ಅಷ್ಟ ಪಗಾರ ಏರೂ ದಾರಿ ಇರಬೇಕು.

ಪೀಣ್ಯ 2ನೇ ಹಂತ

ತುಂಬಾ ಉಪಯೋಗ ಆಯ್ತು. ಜನ ಸೇರಿಸೋ ವಿಷಯಕ್ಕೆ ಒಂದು ಅನುಮಾನ. 19ಕ್ಕೇ ನಿಲ್ಲಿಸಿ, 20 ಆದರೆ ಪಿಎಫ್ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಸರಿ? ಮತ್ತೆ ಮೆಟೀರಿಯಲ್ ಸಮೇತ ಅನ್ನೋದನ್ನ ಒಪ್ಪಬಹುದಾ?

ಲೆಕ್ಕದ ಪುಸ್ತಕ

10 ಜನ ದಾಟಿದ್ದೀರಿ, ಇಎಸ್‌ಐ ಈಗಾಗಲೇ ಇರಬೇಕು: ತಿಂಗಳಿಗೆ 21,000ವರೆಗಿನ ಸಂಬಳದವರಿಗೆ ಮಾಲೀಕರ ಪಾಲು ಶೇ. 3.25, ನೌಕರರದ್ದು 0.75. ಪಿಎಫ್ 20ಕ್ಕೆ ಬರುತ್ತೆ. 15,000 ಮಿತಿಯ ಮೇಲೆ ಮಾಲೀಕರ ಪಾಲು 12, ಆಡಳಿತ ಮತ್ತು ವಿಮೆಗೆ ಇನ್ನೊಂದು, ಒಟ್ಟು ಶೇ. 13. ಅಂದ್ರೆ ಒಬ್ಬರಿಗೆ 1,950, ಇಪ್ಪತ್ತು ಜನಕ್ಕೆ ತಿಂಗಳಿಗೆ 39,000. ಕನಿಷ್ಠ ಶೇ. 8.33 ಬೋನಸ್ ಕೂಡ 20ಕ್ಕೇ. ಎಣಿಸುವಾಗ ಕಾಂಟ್ರ್ಯಾಕ್ಟ್ ಮೇಲೆ ಬಂದವರೂ ಸೇರ್ತಾರೆ. ಒಂದು ಸಲ ಪಿಎಫ್ ಅನ್ವಯ ಆದ ಮೇಲೆ ಸಂಖ್ಯೆ 15ಕ್ಕೆ ಇಳಿದರೂ ಮುಂದುವರಿಯುತ್ತೆ. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿರೋದ್ರಿಂದ ಭತ್ಯೆಗಳನ್ನ ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಿಟ್ಟರೆ ಆ ಹೆಚ್ಚಿನದ್ದೂ ವೇತನದ ಲೆಕ್ಕಕ್ಕೇ ಬರುತ್ತೆ.

39,000 ಉಳಿಸೋಕೆ ಅಂತ 19ಕ್ಕೆ ನಿಂತವರು ಅದೇ ಕಾರಣಕ್ಕೆ ಆಪರೇಟರ್‌ಗಳನ್ನ ಕಳ್ಕೊಳ್ತಾರೆ. ಎರಡು ರಸ್ತೆ ಆಚೆ ಪಿಎಫ್ ಕೊಡೋ ಶಾಪ್ ಇರುತ್ತೆ, ಸಾವಿರ ರೂಪಾಯಿ ಕಮ್ಮಿ ಆದರೂ ಅಲ್ಲಿಗೇ ಹೋಗ್ತಾರೆ. ಈ ಖರ್ಚನ್ನ ಇವತ್ತಿನ ರೇಟ್ ಕಾರ್ಡ್‌ನಲ್ಲೇ ಸೇರಿಸಿ, 20 ಆದಾಗ ಏಟು ಬೀಳಲ್ಲ. ನಿಮ್ಮ ಲೆಕ್ಕಕ್ಕೆ ಈಗ ಬೇಕಿರೋದು ಇಬ್ಬರು ಆಪರೇಟರ್, ಒಬ್ಬ ಇನ್‌ಸ್ಪೆಕ್ಟರ್, ಸ್ಟೋರ್‌ಗೆ ಒಬ್ಬರು. 15 ಆಗುತ್ತೆ.

ಗೇಜ್ ರೂಮ್

ಜನ ಸಿಗದಿದ್ದರೆ ಅಪ್ರೆಂಟಿಸ್ ನೋಡಿ. 4 ಜನ ಇದ್ದರೂ ತಗೋಬಹುದು, 30 ಆದರೆ ಕಡ್ಡಾಯ. ರಾಷ್ಟ್ರೀಯ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ. 25, ತಿಂಗಳಿಗೆ 1,500ವರೆಗೆ ಸರ್ಕಾರ ನೇರ ಅವರ ಖಾತೆಗೆ ಹಾಕುತ್ತೆ. ಆದರೆ ಹೆಲ್ಪರ್ ಕೆಲಸಕ್ಕೆ ಬಳಸಿದರೆ ಆರೇ ತಿಂಗಳಿಗೆ ಹೋಗ್ತಾರೆ. ಗೋಡೆ ಮೇಲೆ ಸ್ಕಿಲ್ ಮ್ಯಾಟ್ರಿಕ್ಸ್ ಹಾಕಿ, ಯಾವ ಮಷಿನ್‌ನಲ್ಲಿ ಯಾವ ಹಂತ ಅಂತ. ಮುಂದಿನ ಹಂತಕ್ಕೆ ಏನು ಬರಬೇಕು, ಎಷ್ಟು ಸಂಬಳ ಅನ್ನೋದೂ ಅದರಲ್ಲೇ ಕಾಣಬೇಕು.

ವರ್ಕಿಂಗ್ ಕ್ಯಾಪಿಟಲ್

ಮೆಟೀರಿಯಲ್ ಪ್ರಶ್ನೆಗೆ ಬರ್ತೀನಿ. ಈ ಆರ್ಡರ್‌ನಲ್ಲಿ ನಿಜವಾದ ಅಪಾಯ ಇರೋದು ಇಲ್ಲೇ.

ಈಗ 60 ಲಕ್ಷ ಬಿಲ್ಲಿಂಗ್, ಕೆಲಸ 10 ದಿನ, ದುಡ್ಡು ಬರೋಕೆ 60 ದಿನ ಅಂದ್ರೆ ಸಿಕ್ಕಿಹಾಕಿಕೊಂಡಿರೋ ಹಣ ಸುಮಾರು 11.5 ಲಕ್ಷ. ಮೆಟೀರಿಯಲ್ ಸೇರಿದ ಮೇಲೆ ಬಿಲ್ಲಿಂಗ್ ಒಂದೂವರೆ ಕೋಟಿ ಆಗಬಹುದು. ಸ್ಟೀಲ್ 15 ದಿನ ಸ್ಟಾಕ್, ಕೆಲಸ 10, ಬಾಕಿ 60, ಸ್ಟೀಲ್ ವ್ಯಾಪಾರಿ ಕೊಡೋ ಸಾಲ 30 ಕಳೆದರೆ 55 ದಿನ. ಸ್ಥೂಲವಾಗಿ 22.6 ಲಕ್ಷ. ಗಿರಾಕಿ 90 ದಿನಕ್ಕೆ ಎಳೆದರೆ 35 ಲಕ್ಷ. ಬಿಲ್ಲಿಂಗ್ ಎರಡೂವರೆ ಪಟ್ಟು, ಮಷಿನಿಂಗ್ ಆದಾಯ ಕಾಲು ಭಾಗ ಮಾತ್ರ ಹೆಚ್ಚು, ಬೇಕಾದ ಹಣ ಮೂರು ಪಟ್ಟು. ಆರ್ಡರ್ ತುಂಬಿರುವಾಗಲೇ ಸಂಬಳಕ್ಕೆ ದುಡ್ಡಿಲ್ಲ ಅನ್ನೋ ಸ್ಥಿತಿ ಬರೋದು ಹೀಗೆ.

ಬ್ಯಾಂಕ್‌ನಲ್ಲಿ ಟರ್ನೋವರ್ ವಿಧಾನದಲ್ಲಿ ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ. 20, ಅಂದ್ರೆ 30 ಲಕ್ಷ ಲಿಮಿಟ್ ಕೇಳಬಹುದು. ಶೇ. 5, ಅಂದ್ರೆ 7.5 ಲಕ್ಷ ನಿಮ್ಮದಿರಬೇಕು. ಅಡಮಾನ ಇಲ್ಲದಿದ್ದರೆ ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮಗಳ ಸಾಲಕ್ಕಿರೋ ಟ್ರಸ್ಟ್) ಗ್ಯಾರಂಟಿ ಕೇಳಿ. ಆರ್ಡರ್ ಒಪ್ಪೋ ಮೊದಲೇ ಲಿಮಿಟ್ ಮಂಜೂರಾಗಿರಲಿ.

ಇನ್ನು 45 ದಿನದ ನಿಯಮ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇರೋ ಮೈಕ್ರೋ, ಸ್ಮಾಲ್ ಘಟಕಕ್ಕೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಬರಬೇಕು ಅಂತ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತೆ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ತಂದ ಆದಾಯ ತೆರಿಗೆ ನಿಯಮದ ಪ್ರಕಾರ ಗಡುವು ಮೀರಿದ ಬಾಕಿ ಮಾರ್ಚ್ 31ಕ್ಕೂ ಉಳಿದಿದ್ದರೆ ಆ ವರ್ಷ ಗಿರಾಕಿಗೆ ಅದು ಖರ್ಚಾಗಿ ಸಿಗಲ್ಲ, ಅವರ ತೆರಿಗೆ ಏರುತ್ತೆ.

ಮಾಚೇನಹಳ್ಳಿ

ಕಾಯ್ದೆ ಸರಿ. ಆದರೆ ಶೇ. 60 ಕೆಲಸ ಕೊಡೋ ಗಿರಾಕಿಗೆ ಬಡ್ಡಿ ನೋಟಿಸ್ ಕಳಿಸಿದರೆ ಮುಂದಿನ ತಿಂಗಳ ಷೆಡ್ಯೂಲ್ ಪಕ್ಕದವರಿಗೆ ಹೋಗುತ್ತೆ. ಅದನ್ನ ಮರೆತು ಸಲಹೆ ಕೊಡೋದು ಸರಿಯಲ್ಲ.

ವರ್ಕಿಂಗ್ ಕ್ಯಾಪಿಟಲ್

ಒಪ್ತೀನಿ, ನೋಟಿಸ್ ಕೊನೆಯ ದಾರಿ. ಅದಕ್ಕಿಂತ ಮುಂಚೆ ಮಾಡೋದು ಬಹಳ ಇದೆ. ಪ್ರತಿ ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಹಾಗೂ ಗಡುವಿನ ತಾರೀಖು ಅಚ್ಚಾಗಿರಲಿ. 15ನೇ ದಿನ ಮಾಲು ಅಂಗೀಕಾರ ಆಗಿದೆಯಾ ಅಂತ ಮೇಲ್. ಬಿಲ್ ನಿಲ್ಲೋದು ಬಹುತೇಕ ಜಿಆರ್‌ಎನ್ (ಮಾಲು ಬಂತು ಅನ್ನೋ ರಸೀದಿ) ಆಗಿಲ್ಲ ಅಂತಲೇ. 35ನೇ ದಿನ ಅಕೌಂಟ್ಸ್‌ಗೆ ಫೋನ್, 42ಕ್ಕೆ ಖರೀದಿ ಮ್ಯಾನೇಜರ್‌ಗೆ. ಇದನ್ನ ಮಾಲೀಕರಲ್ಲ, ಅಕೌಂಟೆಂಟ್ ಮಾಡಬೇಕು. ಫೆಬ್ರವರಿ ಎರಡನೇ ವಾರ ಬಾಕಿ ಪಟ್ಟಿ ಗಿರಾಕಿಯ ಫೈನಾನ್ಸ್‌ನವರಿಗೆ ಹೋಗಲಿ. ಮಾರ್ಚ್ 31ರ ಚಿಂತೆ ಅವರಿಗೂ ಇರುತ್ತೆ, ಹಾಗಾಗಿ ಅದು ಬೆದರಿಕೆ ಅನ್ನಿಸಲ್ಲ.

ಗಿರಾಕಿಯ ವಹಿವಾಟು 250 ಕೋಟಿ ಮೀರಿದ ಕಂಪನಿಯಾದರೆ ಟ್ರೆಡ್ಸ್ (ಸಣ್ಣ ಉದ್ಯಮಗಳ ಬಿಲ್ ಡಿಸ್ಕೌಂಟ್ ಮಾಡಿಸೋ ಆನ್‌ಲೈನ್) ವೇದಿಕೆಯಲ್ಲಿ ನೋಂದಾಯಿಸಿಕೊಳ್ಳೋದು ಅವರಿಗೆ ಕಡ್ಡಾಯ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇವೆ. ಅವರು ಬಿಲ್ ಒಪ್ಪಿದ ಮೇಲೆ ಬ್ಯಾಂಕ್‌ಗಳು ಡಿಸ್ಕೌಂಟ್ ಮಾಡ್ತವೆ (ಸ್ವಲ್ಪ ಕಳೆದು ಹಣ ಮೊದಲೇ ಕೊಡ್ತವೆ), ಅದೂ ಗಿರಾಕಿಯ ರೇಟಿಂಗ್ ನೋಡಿ. ಆಮೇಲೆ ಗಿರಾಕಿ ಕಟ್ಟದಿದ್ದರೂ ನಿಮ್ಮ ಹತ್ರ ವಾಪಸ್ ಕೇಳೋ ಹಾಗಿಲ್ಲ. ಆದರೆ ನೋಂದಣಿ ಕಡ್ಡಾಯವೇ ಹೊರತು ನಿಮ್ಮ ಬಿಲ್ ಒಪ್ಪೋದು ಅವರ ಕೈಯಲ್ಲಿದೆ. ಆದ್ದರಿಂದ ಹೊಸ ಆರ್ಡರ್ ಮಾತುಕತೆಯಲ್ಲೇ ಇದನ್ನ ಷರತ್ತಾಗಿಡಿ. ಆರ್ಡರ್ ಅವರಿಗೂ ಬೇಕಿರುವಾಗ ಕೇಳಿದರೆ ಸಿಗುತ್ತೆ.

ಸಾಫ್ಟ್ ಜಾ

ಮೆಟೀರಿಯಲ್ ಸಮೇತ ಕೊಟೇಷನ್‌ನಲ್ಲಿ ಸಾಮಾನ್ಯವಾಗಿ ಆಗೋ ನಷ್ಟ ಒಂದಿದೆ. 45 ಮಿ.ಮೀ. ವ್ಯಾಸದ ಇಎನ್8 ಸ್ಟೀಲ್ ರಾಡ್, ಪಾರ್ಟ್ ಉದ್ದ 50 ಅಂತಿಟ್ಟುಕೊಳ್ಳಿ. 50 ಮಿ.ಮೀ. ತೂಕ 0.624 ಕೆ.ಜಿ., ಅದಕ್ಕೇ ದರ ಹಾಕಿಬಿಡ್ತಾರೆ. ಪಾರ್ಟಿಂಗ್‌ಗೆ 3, ಫೇಸಿಂಗ್‌ಗೆ 2 ಸೇರಿ 55 ಬೇಕು. ಚಕ್‌ನಲ್ಲಿ ಹಿಡಿಯೋಕಾಗದೆ 80 ಮಿ.ಮೀ. ತುಂಡು ಉಳಿಯುತ್ತೆ. 3 ಮೀಟರ್ ರಾಡ್‌ನಲ್ಲಿ 53 ಪೀಸ್ ಬಂದರೆ ಪೀಸಿಗೆ ನಿಜವಾಗಿ ತಿನ್ನೋದು 56.6 ಮಿ.ಮೀ., 0.707 ಕೆ.ಜಿ. ಕೆ.ಜಿ.ಗೆ 75 ರೂ. ಆದರೆ ಪೀಸಿಗೆ 6 ರೂಪಾಯಿ ಚಿಲ್ಲರೆ ಕಡಿಮೆ ಹಾಕಿದಂತಾಯ್ತು. ತಿಂಗಳಿಗೆ 5,000 ಪೀಸ್ ಅಂದ್ರೆ 30 ಸಾವಿರದ ಮೇಲೆ. ಚಿಪ್ ಮಾರಿದ ದುಡ್ಡು ಯಾರದ್ದು ಅನ್ನೋದೂ ಪಿಒನಲ್ಲಿ (ಖರೀದಿ ಆದೇಶದಲ್ಲಿ) ಬರಲಿ, ಸ್ಟೀಲ್ ದರ ಮೂರು ತಿಂಗಳಿಗೊಮ್ಮೆ ಪರಿಷ್ಕರಣೆ ಅನ್ನೋದೂ.

ಮಾಚೇನಹಳ್ಳಿ

ಎಲ್ಲ ಪಾರ್ಟ್‌ಗೂ ಒಪ್ಪಬೇಡಿ. ರಿಜೆಕ್ಷನ್ ಕಡಿಮೆ ಇರೋ, ಒಂದೇ ಗ್ರೇಡ್ ಸ್ಟೀಲ್ ಬಳಸೋ ನಾಲ್ಕೈದು ಪಾರ್ಟ್‌ಗೆ ಮಾತ್ರ ಮೊದಲ ಆರು ತಿಂಗಳು ಮೆಟೀರಿಯಲ್ ಹಾಕಿ, ಉಳಿದದ್ದು ಹಿಂದಿನಂತೆ ಅವರೇ ಕೊಡಲಿ. ಜಾಬ್‌ವರ್ಕ್‌ನಲ್ಲಿ ಒಂದು ಪೀಸ್ ಹಾಳಾದರೆ ನಿಮ್ಮ ದುಡಿಮೆ ಹೋಗ್ತಿತ್ತು, ಈಗ ಸ್ಟೀಲ್ ಸಮೇತ ಹೋಗುತ್ತೆ. ರಿಜೆಕ್ಷನ್ ಶೇ. 2ಕ್ಕಿಂತ ಮೇಲಿರೋ ಪಾರ್ಟ್‌ನ ಮುಟ್ಟಲೇಬೇಡಿ.

ಮತ್ತೆ ಇದನ್ನ ಪೂರ್ತಿ ಒಪ್ಪಿದರೆ ಆ ಒಂದು ಗಿರಾಕಿಯ ಪಾಲು ಶೇ. 60ರಿಂದ 80 ದಾಟುತ್ತೆ. ಮಾಲೀಕರಿಗೆ ಉಳಿಯೋ ಸಮಯ ಹೊಸ ಗಿರಾಕಿಗಳಿಗೆ ಹೋಗಬೇಕು, ವಾರಕ್ಕೆ ಎರಡು ಮಧ್ಯಾಹ್ನ ಆದರೂ.

ಪೀಣ್ಯ 2ನೇ ಹಂತ

ಹಾಗಾದರೆ ಕ್ರಮ ಹೀಗೆ: ಎರಡು ವಾರ ಪ್ರಶ್ನೆಗಳ ನೋಟ್‌ಬುಕ್, ಜಾ ಬೋರ್ಡ್, ಲಿಮಿಟ್‌ಗೆ ಅರ್ಜಿ, ಆಮೇಲೆ ಎರಡು ಲೇತ್‌ಗೆ ಎರಡನೇ ಶಿಫ್ಟ್. ಮಷಿನ್ ಈ ವರ್ಷ ಇಲ್ಲ. ಕೊನೆಯದಾಗಿ ಒಂದು: ಮಾಲೀಕರು ಊರಲ್ಲಿಲ್ಲದಾಗ ನಿಲ್ಲೋದು ಮಷಿನ್ ಮಾತ್ರ ಅಲ್ಲ. ಪೇಮೆಂಟ್, ಇ-ವೇ ಬಿಲ್ ಎಲ್ಲದರ ಓಟಿಪಿ ಅವರ ಫೋನ್‌ಗೇ ಬರೋದು.

ಲೆಕ್ಕದ ಪುಸ್ತಕ

ಕರೆಂಟ್ ಅಕೌಂಟ್‌ನ ನೆಟ್ ಬ್ಯಾಂಕಿಂಗ್‌ಗೆ ಮೇಕರ್, ಚೆಕರ್ ಅಂತ ಎರಡು ಯೂಸರ್ ಮಾಡಿಸಿ. ಅಕೌಂಟೆಂಟ್ ಎಂಟ್ರಿ ಹಾಕ್ತಾರೆ, ಮಾಲೀಕರು ಎಲ್ಲಿದ್ದರೂ ಒಪ್ಪಿಗೆ ಕೊಡ್ತಾರೆ. ಹೊಸ ಬೆನಿಫಿಷಿಯರಿ ಸೇರಿಸೋದು ಮಾತ್ರ ಮಾಲೀಕರ ಬಳಿಯೇ ಇರಲಿ. ಓಟಿಪಿಯನ್ನ ವಾಟ್ಸಾಪ್‌ನಲ್ಲಿ ಕಳಿಸೋ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ.

ಇ-ವೇ ಬಿಲ್ ಪೋರ್ಟಲ್‌ನಲ್ಲಿ ಸಬ್-ಯೂಸರ್ ಮಾಡೋ ಅವಕಾಶ ಇದೆ. ಡಿಸ್ಪ್ಯಾಚ್ ನೋಡಿಕೊಳ್ಳೋರ ಹೆಸರಲ್ಲಿ, ಅವರ ಮೊಬೈಲ್‌ಗೆ ಮಾಡಿಕೊಡಿ. ಹೊಸೂರಿಗೆ ಮಾಲು ಹೋಗ್ತಿದ್ದರೆ ಇನ್ನೂ ಮುಖ್ಯ. ಬೇರೆ ರಾಜ್ಯದ ಗಿರಾಕಿಯ ಜಾಬ್‌ವರ್ಕ್ ಮಾಲಿಗೆ 50,000ದ ಮಿತಿ ಅನ್ವಯಿಸಲ್ಲ, ಎಷ್ಟೇ ಸಣ್ಣ ಬೆಲೆ ಇದ್ದರೂ ಇ-ವೇ ಬಿಲ್ ಬೇಕು. ಅದಿಲ್ಲದೆ ಅತ್ತಿಬೆಲೆ ಹತ್ರ ಗಾಡಿ ಹಿಡಿದರೆ ಬಿಡಿಸಿಕೊಳ್ಳೋಕೆ ಮತ್ತೆ ಮಾಲೀಕರೇ ಓಡಬೇಕಾಗುತ್ತೆ.